ಮೂಳೆ ಮುರಿಯುವ ಬಗೆಗಳು

ಸಭೆಯ ಅಧ್ಯಕ್ಷರೂ ನಮ್ಮ ಕಾರ್ಖಾನೆಯ ಮಾಲೀಕರೂ ಆದ ಶ್ರೀ ಭಾನುಪ್ರಕಾಶ್ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಕೈಗಾರಿಕಾ ಸಂಘದ ಶ್ರೀ ಕೊಟ್ರಪ್ಪನವರೇ, ಮುಂದಿನ ಸಾಲಿನ ಆಫೀಸಿನ ಬಂಧುಗಳೇ, ಹಿಂದಿನ ಸಾಲುಗಳಲ್ಲಿ ಕುಳಿತು ಊಟದ ವಾಸನೆಯ ಕಡೆಗೆ ಆಗಲೇ ಕತ್ತು ಹೊರಳಿಸಿರುವ ಸಭಿಕರೇ,

ಇಪ್ಪತ್ತೆರಡು ವರ್ಷಗಳಿಂದ ನಾನು ಈ ಕಾರ್ಖಾನೆಯ ಸುರಕ್ಷತಾ ಅಧಿಕಾರಿ. ಈ ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ನನಗೆ ಶಾಲು ಹೊದಿಸಿರಲಿಲ್ಲ. ಎರಡು ವಾರದ ಹಿಂದೆ ನಮ್ಮ ಪರ್ಸನೆಲ್ ವಿಭಾಗದ ಅಮರೇಶ್ ನನ್ನ ಮೇಜಿನ ಹತ್ತಿರ ಬಂದು, ‘ಗದಿಗೆಪ್ಪ ಸಾರ್, ಈ ಸಲ ವಾರ್ಷಿಕೋತ್ಸವದಲ್ಲಿ ನಿಮ್ಗೇ ಸನ್ಮಾನ. ಸಾವಿರ ದಿನ ಒಂದೂ ಆಕ್ಸಿಡೆಂಟ್ ಇಲ್ಲ, ಪೀಣ್ಯದಲ್ಲಿ ಯಾರು ಮಾಡಿದಾರೆ ಹೇಳಿ’ ಎಂದರು. ನಾನು ಸಂತೋಷಪಡುವ ಮೊದಲು ತಾರೀಕು ಕೇಳಿದೆ. ಭಾನುವಾರ ಎಂದರು. ಅದೇ ವಾರದ ಗುರುವಾರ ಕಾರ್ಮಿಕ ಕಚೇರಿಯಲ್ಲಿ ಒಂದು ವಿಚಾರಣೆಯಿದೆ, ಅಲ್ಲಿ ನಾನು ಸಾಕ್ಷಿ. ಭಾನುವಾರಕ್ಕೂ ಗುರುವಾರಕ್ಕೂ ಏನಾದರೂ ಸಂಬಂಧವಿದೆಯೇ? ಇಲ್ಲದೆಯೂ ಇರಬಹುದು. ಅನುಮಾನಪಡುವುದಕ್ಕಾಗಿಯೇ ನನಗೆ ಸಂಬಳ ಕೊಡುತ್ತಾರೆ. ಏಣಿ ಕಂಡರೆ ಜಾರಬಹುದು, ವೈರು ಕಂಡರೆ ಕರೆಂಟು ಹೊಡೆಯಬಹುದು ಎಂದು ಯೋಚಿಸಿ ಯೋಚಿಸಿ, ಈಗ ಶಾಲು ಕಂಡರೂ ಹಾಗೇ ಆಗುತ್ತದೆ. ಮಾಲೀಕರು ಕ್ಷಮಿಸಬೇಕು.

ಹೊಸಬರಿಗೆ ನಾನು ಪ್ರತಿ ವರ್ಷ ಮಾಡುವ ಮೂಳೆಯ ಪಾಠವನ್ನು ಇಲ್ಲಿಯೂ ಮಾಡಬೇಕೆಂದು ಅಮರೇಶ್ ಅವರ ಅಪೇಕ್ಷೆ. ಹತ್ತು ನಿಮಿಷ ಸಾಕು, ಬೇರೆ ವಿಷಯ ಬೇಡ ಎಂದೂ ಹೇಳಿದ್ದಾರೆ. ಬೇರೆ ವಿಷಯ ಯಾವುದು ಎಂದು ನಾನು ಕೇಳಲಿಲ್ಲ.

ದೊಡ್ಡವರ ದೇಹದಲ್ಲಿ ಇನ್ನೂರಾರು ಮೂಳೆಗಳು. ಮೂಳೆ ಎಂದರೆ ಒಣ ಕಡ್ಡಿ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಅದರಲ್ಲಿ ಸುಣ್ಣದಂಥ ಗಟ್ಟಿ ಪದಾರ್ಥವೊಂದು, ನಾರಿನಂಥ ಬಾಗುವ ಪದಾರ್ಥವೊಂದು ಸೇರಿಕೊಂಡಿವೆ. ಸುಟ್ಟರೆ ನಾರು ಹೋಗಿ ಪುಡಿಯಾಗುತ್ತದೆ. ವಿನೆಗರಿನಲ್ಲಿ ದಿನಗಟ್ಟಲೆ ನೆನೆಸಿದರೆ ಸುಣ್ಣ ಹೋಗಿ ರಬ್ಬರಿನಂತೆ ಬಾಗುತ್ತದೆ. ಎರಡೂ ಇದ್ದಾಗ ಮಾತ್ರ ಅದು ಮೂಳೆ. ಹೊರೆ ಬಿದ್ದ ಕಡೆ ಬೆಳೆಯುತ್ತದೆ, ಕೆಲಸವಿಲ್ಲದ ಕಡೆ ಸವೆಯುತ್ತದೆ. ಆಫೀಸಿನವರು ಗಾಬರಿಯಾಗಬೇಡಿ, ಮೊಬೈಲು ಒತ್ತುವ ಹೆಬ್ಬೆರಳಾದರೂ ನಿಮ್ಮಲ್ಲಿ ಗಟ್ಟಿಯಾಗಿಯೇ ಇರುತ್ತದೆ.

ಇನ್ನು ಅದರ ಬಲ. ಮೇಲಿನಿಂದ ಒತ್ತಿದರೆ ಮೂಳೆ ಮಾಮೂಲಿ ಕಾಂಕ್ರೀಟಿಗಿಂತ ಹೆಚ್ಚು ತಡೆಯುತ್ತದೆ. ಎಳೆದರೆ ಅಷ್ಟು ತಡೆಯುವುದಿಲ್ಲ. ತಿರುಚಿದರೆ ಇನ್ನೂ ಕಡಿಮೆ. ಪಾಠದಲ್ಲಿ ನಾನು ಎರಡು ಸೀಮೆಸುಣ್ಣದ ತುಂಡು ತೆಗೆದುಕೊಳ್ಳುತ್ತೇನೆ. ಒಂದನ್ನು ಬಗ್ಗಿಸಿ ಮುರಿದರೆ ಅಡ್ಡಕ್ಕೆ, ನೇರವಾಗಿ ಮುರಿಯುತ್ತದೆ. ಇನ್ನೊಂದನ್ನು ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಓರೆಯಾಗಿ, ಸುರುಳಿ ಸುತ್ತಿಕೊಂಡು ಮುರಿಯುತ್ತದೆ. ಮೂಳೆಯೂ ಹಾಗೆಯೇ. ಮುರಿದ ಜಾಗ ನೋಡಿದರೆ ಯಾವ ಬಲ ಬಿತ್ತೆಂದು ಅಂದಾಜು ಸಿಗುತ್ತದೆ. ಮುರಿಸಿಕೊಂಡವನು ಹೇಳುವ ಕಥೆ ಬೇರೆ ಇರಬಹುದು.

ಈ ವಿದ್ಯೆ ನನಗೆ ಕಾಲೇಜಿನಲ್ಲಿ ಬಂದದ್ದಲ್ಲ. ಹರಪನಹಳ್ಳಿ ಕಡೆಯ ನಮ್ಮೂರಿನಲ್ಲಿ ನನ್ನ ತಾಯಿ ಗಂಗಮ್ಮ ಬಿದಿರುದಬ್ಬೆ ಇಟ್ಟು ಮುರಿದ ಕೈಕಾಲು ಕಟ್ಟುತ್ತಿದ್ದಳು. ಮುಟ್ಟುವ ಮೊದಲು ಹೇಗೆ ಬಿದ್ದೆ ಎಂದು ಕೇಳುತ್ತಿದ್ದಳು. ಮೊದಲ ಉತ್ತರವನ್ನು ಆಕೆ ಯಾವತ್ತೂ ನಂಬಿದ್ದಿಲ್ಲ. ಒಮ್ಮೆ ಒಬ್ಬ ಹೆಂಗಸು ಗಂಡನ ಜೊತೆ ಬಂದು ಬಚ್ಚಲಲ್ಲಿ ಜಾರಿದೆ ಎಂದಳು. ನನ್ನ ತಾಯಿ ಕೈ ಸವರಿ ನೋಡಿ, ‘ನೀ ಹೊರಗ ಕುಂದ್ರಪ್ಪ, ಎಲುಬಿನ ಕೂಡ ಮಾತಾಡೋದೈತಿ’ ಎಂದು ಗಂಡನನ್ನು ಕಳಿಸಿದಳು. ಅವನು ಹೋದ ಮೇಲೆ ಕೇಳಿದ್ದು ಒಂದೇ ಮಾತು: ‘ಕೈ ಯಾರು ತಿರುವಿದ್ರು?’

ಸುಳ್ಳು ಹೇಳುವವರ ಪೈಕಿ ನಾನೂ ಸೇರುತ್ತೇನೆಂದು ಆಗ ಗೊತ್ತಿರಲಿಲ್ಲ. ಈ ಮಾತು ಬರೆದುಕೊಂಡು ಬಂದ ಹಾಳೆಯಲ್ಲಿಲ್ಲ. ಇರಲಿ.

ಎಂಟು ತಿಂಗಳ ಹಿಂದೆ ನಾನು ಒಂದು ಎಕ್ಸ್‌ರೇ ನೋಡಿದೆ. ಮೊಣಕೈಯ ಮೇಲಿನ ಮೂಳೆ ಸುರುಳಿಯಾಗಿ ಮುರಿದಿತ್ತು. ಕೂಡಲೇ ನನಗೆ ಅನುಮಾನ ಬಂತು. ಅದು ನಮ್ಮ ಡ್ರಿಲ್ಲಿಂಗ್ ವಿಭಾಗದ ಹಣಮಂತನ ಕೈ. ಬಾಗಲಕೋಟೆ ಕಡೆಯವನು, ಲಗ್ಗೆರೆಯಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದವನು. ಹಿಂದಿನ ಸಾಲುಗಳಲ್ಲಿ ಅವನನ್ನು ಬಲ್ಲವರು ಬಹಳ ಜನ ಇದ್ದೀರಿ. ಇಂದು ಅವನನ್ನು ಕರೆದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಲಗ್ಗೆರೆ ಬ್ರಿಡ್ಜಿನ ಮೇಲೆ ಬೈಕಿನಿಂದ ಬಿದ್ದ ಎಂದು ವರದಿಯಲ್ಲಿದೆ. ಬೈಕಿನಿಂದ ಬಿದ್ದರೂ ಮೂಳೆ ಹಾಗೆ ಮುರಿಯಬಹುದು ಎಂದು ಕಂಪನಿಯ ವಕೀಲರು ಗುರುವಾರ ಹೇಳುತ್ತಾರೆ. ಅಪರೂಪಕ್ಕೆ ಮುರಿಯಬಹುದು, ನಿಜ. ವರದಿಯ ಕೆಳಗಿನ ಸಹಿ ನನ್ನದು. ಅವನಿನ್ನೂ ಆಪರೇಷನ್ ಥಿಯೇಟರಿನ ಒಳಗಿದ್ದಾಗ ಅಮರೇಶ್ ಆಸ್ಪತ್ರೆಯ ವರಾಂಡದಲ್ಲಿ ಕಾಗದ ಚಾಚಿ, ‘ನಾಳೆ ಆಡಿಟ್ ಇದೆ ಸಾರ್. ಒಂದ್ ಸಹಿ ಅಷ್ಟೇ. ಅವನ ಟ್ರೀಟ್‌ಮೆಂಟ್ ಪೂರ್ತಿ ನಾವೇ ನೋಡ್ಕೋತೀವಿ’ ಎಂದರು. ಅಮರೇಶ್, ತಲೆ ತಗ್ಗಿಸಬೇಡಿ. ಬರೆದವರು ನೀವು, ನಂಬುವಂತೆ ಮಾಡಿದ್ದು ನನ್ನ ಹೆಸರು.

ಮೂಳೆ ಮೂರು ತಿಂಗಳಿಗೆ ಕೂಡಿತು. ಆದರೆ ಆ ಮೂಳೆಗೆ ಸುತ್ತಿಕೊಂಡು ಇಳಿಯುವ ಒಂದು ನರವಿದೆ, ಅದು ಕೂಡಲಿಲ್ಲ. ಅವನ ಅಂಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿದೆ, ಎತ್ತಲು ಬರುವುದಿಲ್ಲ. ಕೆಲಸ ಹೋಯಿತು. ಪರಿಹಾರಕ್ಕೆ ಅರ್ಜಿ ಹಾಕಿದ್ದಾನೆ, ಗುರುವಾರದ ವಿಚಾರಣೆ ಅದರದ್ದೇ. ಇದೆಲ್ಲ ಕಡತದಲ್ಲಿದೆ.

ಕಡತದಲ್ಲಿ ಇಲ್ಲದ್ದು ಅವನ ಹೆಂಡತಿ ಮಲಕವ್ವ. ಒಂದು ಸಂಜೆ ಆಕೆ ವರದಿಯ ನಕಲು ಹಿಡಿದು ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು. ಸೋಫಾದ ಮೇಲೆ ಕುಳಿತುಕೊಳ್ಳಲಿಲ್ಲ. ‘ಸಾರ್, ಒಂದ ಕೇಳ್ತೀನಿ. ಡ್ಯೂಟಿ ಟೈಮಿನ್ಯಾಗ ಅಂವ ಬ್ರಿಡ್ಜ್ ಮ್ಯಾಲ ಯಾಕಿದ್ದ? ಯಾರನ್ನ ನೋಡಾಕ ಹೊಂಟಿದ್ದ?’ ನಾನು ನಕಲನ್ನು ಮಡಿಸಿ ಆಕೆಗೇ ವಾಪಸು ಕೊಟ್ಟೆ. ‘ಕಾರ್ಖಾನ್ಯಾಗ ಆತು ಅಂತ ಅಂವ ಆಣಿ ಮಾಡ್ತಾನ. ನಿಮ್ಮ ಸಹಿ ಬ್ಯಾರೆ ಹೇಳ್ತೈತಿ. ಇಬ್ಬರಾಗ ಸುಳ್ಳ ಯಾರದು?’

ಮೊದಲು ಕೈ ಗುಣವಾಗಲಿ ತಾಯಿ, ಆಮೇಲೆ ನೋಡೋಣ ಎಂದೆ. ಆಕೆ ಅದನ್ನೇ ಉತ್ತರ ಎಂದು ತೆಗೆದುಕೊಂಡಳು. ಮರುದಿನ ಬಾಗಲಗುಂಟೆಯ ಅಕ್ಕನ ಮನೆಗೆ ಹೊರಟುಹೋದಳು. ಐದು ತಿಂಗಳಾಯಿತು. ಇಲ್ಲದ ಹೆಂಗಸೊಬ್ಬಳಿಗಾಗಿ ಅವಳು ಗಂಡನನ್ನು ಬಿಟ್ಟಿದ್ದಾಳೆ. ಆ ಇಲ್ಲದ ಹೆಂಗಸನ್ನು ಹುಟ್ಟಿಸಿದ್ದು ನಮ್ಮ ಒಂದು ಹಾಳೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಹಣಮಂತ ಗಟ್ಟಿ ಆಳು. ನಾನು ಡ್ರಿಲ್ಲಿನ ತಿರುಗುವ ಸ್ಪಿಂಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಅವನ ತೋಳು ಬಿಡಿಸುವಾಗಲೂ ಅವನು ಕೂಗಲಿಲ್ಲ, ಬರಿ ನನ್ನ ಭುಜ ಕಚ್ಚಿ ಹಿಡಿದ...

ಹೌದು. ನಾನು ಅಲ್ಲಿದ್ದೆ. ಎಕ್ಸ್‌ರೇ ನೋಡಿದಾಗ ಅನುಮಾನ ಬಂತು ಎಂದೆನಲ್ಲ, ಅದು ಸರಿಯಲ್ಲ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದವನೇ ನಾನು. ಇಷ್ಟು ಹೊತ್ತು ಈ ಸಭೆಯಲ್ಲಿ ಮಾಲೀಕರನ್ನು, ಅಮರೇಶರನ್ನು, ಈ ಶಾಲನ್ನು ಕೂಡ ಅನುಮಾನಿಸಿದೆ. ಅನುಮಾನಿಸಬೇಕಾದವನೊಬ್ಬ ಉಳಿದಿದ್ದಾನೆ.

ತಿರುಗುವ ಯಂತ್ರದ ಹತ್ತಿರ ಗ್ಲೌಸ್ ಹಾಕಬಾರದು. ಹತ್ತಿಯ ಒಂದು ಎಳೆ ಕೊರೆಯುವ ಬಿಟ್ಟಿಗೆ ಸಿಕ್ಕಿದರೂ ಕೈಯನ್ನು ಸುತ್ತಿ ಎಳೆದುಕೊಳ್ಳುತ್ತದೆ. ಹಾಗೆಂದು ಡ್ರಿಲ್ಲಿಂಗ್ ವಿಭಾಗದ ಗೋಡೆಯ ಮೇಲೆ ಬರೆಸಿದವನು ನಾನು. ಅಪಘಾತದ ಮಾರನೆಯ ದಿನ ನಮ್ಮ ಮಾಲು ಕೊಳ್ಳುವ ಕಂಪನಿಯವರು ಆಡಿಟ್ ತಪಾಸಣೆಗೆ ಬರುವವರಿದ್ದರು. ಕಾರ್ಮಿಕರೆಲ್ಲರ ಕೈಯಲ್ಲಿ ಗ್ಲೌಸ್ ಇರಬೇಕೆಂದು ಅವರ ಪಟ್ಟಿಯಲ್ಲಿತ್ತು. ಯಾವ ಯಂತ್ರ ಎಂದು ಪಟ್ಟಿ ಕೇಳುವುದಿಲ್ಲ. ಮುಂಚಿತವಾಗಿ ಫೋಟೋ ಕಳಿಸಬೇಕಿತ್ತು. ನಾನು ಹೊಸ ಗ್ಲೌಸುಗಳ ಕಟ್ಟು ಬಿಚ್ಚಿ ಹಂಚಿದೆ. ಹಣಮಂತ ಮಾತ್ರ ಹಾಕಿಕೊಳ್ಳದೆ, ‘ಇಲ್ಲಿ ಹಾಕ್ಕೋಬಾರ್ದಂತ ಗ್ವಾಡಿ ಮ್ಯಾಲ ನೀವ ಬರಸೀರಲ್ರಿ’ ಎಂದು ನಕ್ಕ. ಒಂದು ಫೋಟೋ ಅಷ್ಟೇ ಕಣಪ್ಪ ಎಂದೆ. ಅವನು ಯಂತ್ರ ನಿಲ್ಲಿಸಲು ಹೋದ. ಓಡ್ತಾ ಇರಲಿ, ಕೆಲಸ ಮಾಡೋ ಹಾಗೆ ಕಾಣ್ಬೇಕು ಎಂದವನೂ ನಾನೇ.

ಈ ಮಾತು ಅಮರೇಶರಿಗೂ ಗೊತ್ತಿಲ್ಲ, ಮಾಲೀಕರಿಗೂ ಗೊತ್ತಿಲ್ಲ. ಕಂಪನಿಯ ಮಾನ ಉಳಿಸಲು ನಾನು ಸಹಿ ಹಾಕಿದೆ ಎಂದು ಅವರು ತಿಳಿದಿದ್ದಾರೆ. ನಾನೂ ಎಂಟು ತಿಂಗಳು ಹಾಗೆಯೇ ತಿಳಿದುಕೊಳ್ಳಲು ನೋಡಿದೆ.

ಆ ಫೋಟೋ ನನ್ನ ಫೋನಿನಲ್ಲಿದೆ. ಸಮಯ ಎರಡು ಗಂಟೆ ನಾಲ್ಕು ನಿಮಿಷ, ವರದಿಯ ಪ್ರಕಾರ ಅವನು ಬ್ರಿಡ್ಜಿನ ಮೇಲೆ ಬಿದ್ದಿದ್ದ ಹೊತ್ತು. ಹಣಮಂತನ ಬಲಗೈ ಯಂತ್ರದ ಹಿಡಿಕೆಯ ಮೇಲಿದೆ, ಗ್ಲೌಸ್ ಬೆಳ್ಳಗಿದೆ, ಅವನು ಬಿಟ್ಟಿನ ಕಡೆ ನೋಡದೆ ನನ್ನ ಕಡೆ ನೋಡುತ್ತಿದ್ದಾನೆ. ಫೋಟೋ ತೆಗೆಯುವವನನ್ನು ನೋಡಬೇಕಲ್ಲ, ಅದಕ್ಕೆ. ಗುರುವಾರ ಅದನ್ನು ಕಚೇರಿಯಲ್ಲಿ ಕೊಡುತ್ತೇನೆ. ಆದರೆ ಮೊದಲು ನೋಡಬೇಕಾದವರು ಕಚೇರಿಯವರಲ್ಲ. ಇಲ್ಲಿಂದ ಬಾಗಲಗುಂಟೆಗೆ ಅರ್ಧ ಗಂಟೆಯ ದಾರಿ. ಮಲಕವ್ವ ನನ್ನನ್ನು ನಂಬುತ್ತಾಳೆಯೇ? ನಂಬದಿದ್ದರೆ ನ್ಯಾಯವೇ. ನನ್ನನ್ನು ನಂಬುವುದು ಬೇಡ, ಅವನನ್ನು ನಂಬಿದರೆ ಸಾಕು.

ಇಷ್ಟು ಹೊತ್ತು ಮೈಕನ್ನು ಆರಿಸದೆ ಬಿಟ್ಟವರಿಗೆ ವಂದನೆಗಳು. ಸಹನೆಯಿಂದ ಕೇಳಿದ ಅಧ್ಯಕ್ಷರಿಗೂ ಅತಿಥಿಗಳಿಗೂ, ಊಟ ಮರೆತು ನನ್ನ ಕಡೆಯೇ ನೋಡುತ್ತಿರುವ ಹಿಂದಿನ ಸಾಲಿನವರಿಗೂ ವಂದನೆಗಳು. ನೀವು ಊಟಕ್ಕೆ ಏಳಿ. ನಾನು ಹೊರಡುತ್ತೇನೆ. ನಮಸ್ಕಾರ.