ನೀಲಾವತಿಯನ್ನು ಕುಟುಕಿದ ಹಳದಿ ಚೇಳು

ನನ್ನ ಹೆಸರು ಲೋಕನಾಥ ಶೆಟ್ಟಿ, ತಂದೆ ದಿವಂಗತ ತ್ಯಾಂಪಣ್ಣ ಶೆಟ್ಟಿ, ವಯಸ್ಸು 61. ಒಮಾನ್ ದೇಶದಲ್ಲಿ ಇಪ್ಪತ್ತೆರಡು ವರ್ಷ ನೀರಿನ ಟ್ಯಾಂಕರ್ ಚಾಲಕನಾಗಿದ್ದೆ, ಈಗ ಕೆಲಸವಿಲ್ಲ. ವಾಸ ಬಂಟ್ವಾಳ ತಾಲೂಕು ಸಿದ್ಧಕಟ್ಟೆ ಪೇಟೆಯಿಂದ 2 ಕಿ.ಮೀ. ದೂರದಲ್ಲಿ. ಈ ಮೂಲಕ ತಿಳಿಸುವುದೇನೆಂದರೆ, ಮತ್ತು ನಾನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುವುದೇನೆಂದರೆ:

ನನ್ನ ಹೆಂಡತಿ ನೀಲಾವತಿ, ವಯಸ್ಸು 54. ಮಗಳು ಅಕ್ಷಿತಾ, ವಯಸ್ಸು 27, ಮೂಡುಬಿದಿರೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಮನೆಯಲ್ಲಿ ನಾವು ಮೂವರೇ ಇದ್ದೆವು.

ಚೇಳಿನ ವಿಷಯ. 2020ರಲ್ಲಿ ಕೊರೊನಾ ಬಂದಾಗ ನನ್ನನ್ನು ಮರಳುಗಾಡಿನ ಕ್ಯಾಂಪಿನ ಒಂದು ಕೋಣೆಯಲ್ಲಿ ಹದಿನೇಳು ದಿನ ಒಬ್ಬನನ್ನೇ ಇರಿಸಿದ್ದರು. ಊಟವನ್ನು ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರು. ಮೂರನೇ ದಿನ ನನ್ನ ಬೂಟಿನೊಳಗೆ ಒಂದು ಚೇಳಿನ ಮರಿ ಕಂಡಿತು. ಹಳದಿ ಬಣ್ಣ, ಕಿರುಬೆರಳಿನಷ್ಟು. ಕೊಲ್ಲಲು ಬೂಟು ಎತ್ತಿದವನು ಕೊಲ್ಲಲಿಲ್ಲ. ಆ ಕೋಣೆಯಲ್ಲಿ ಜೀವ ಇದ್ದದ್ದು ಎರಡಕ್ಕೇ, ನನಗೆ ಮತ್ತು ಅದಕ್ಕೆ. 2021ರ ಮಾರ್ಚ್‌ನಲ್ಲಿ ಕಂಪನಿ ಮುಚ್ಚಿ ಊರಿಗೆ ಬರುವಾಗ ಅದನ್ನು ಶೇವಿಂಗ್ ಡಬ್ಬಿಯಲ್ಲಿ ಬಚ್ಚಿಟ್ಟು ತಂದೆ. ಇದು ಕಾನೂನಿಗೆ ವಿರುದ್ಧ ಎಂದು ಆಗಲೂ ಗೊತ್ತಿತ್ತು.

ಈ ಜಾತಿಯ ಚೇಳಿನ ವಿಷ ಎಂಥದ್ದು ಎಂದೂ ನನಗೆ ಗೊತ್ತಿತ್ತು. ನಮ್ಮ ಕ್ಯಾಂಪಿನ ಒಬ್ಬ ಅಡುಗೆಯವನು ಇದರಿಂದಲೇ ಸತ್ತಿದ್ದ. ಆ ಮಾತನ್ನು ಮನೆಯಲ್ಲಿ ನಾನು ಒಂದು ದಿನವೂ ಹೇಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮರಳು ಹಾಕಿ, ಮೇಲೊಂದು ಬಲ್ಬು ಉರಿಸಿ, ಚಾವಡಿಯ ಮೂಲೆಯಲ್ಲಿ ಇಟ್ಟೆ. ನಮ್ಮ ಕಡೆ ಕಲ್ಲು ಎತ್ತಿದಲ್ಲಿ ಕರಿ ಚೇಳು ಉಂಟು. ಅದು ದೊಡ್ಡದು, ಕುಟುಕಿದರೆ ಒಂದು ದಿನ ಉರಿ, ಮರುದಿನ ಕೆಲಸಕ್ಕೆ ಹೋಗುತ್ತಾರೆ. ಗಾತ್ರ ನೋಡಿ ವಿಷ ಅಳೆಯುವುದು ನಮ್ಮ ಊರಿನವರ ರೂಢಿ. ಹೀಗಾಗಿ ಈ ಸಣ್ಣ ಹಳದಿ ಚೇಳಿಗೆ ಮನೆಯಲ್ಲಿ ಯಾರೂ ಹೆದರಲಿಲ್ಲ. ನಾನು ಅದನ್ನು ಅಂಗೈ ಮೇಲೆ ನಡೆಸಿ ತೋರಿಸುತ್ತಿದ್ದೆ. ಮನೆಯವರ ಗುರುತು ಇದಕ್ಕೆ ಉಂಟು, ಏನೂ ಮಾಡುವುದಿಲ್ಲ ಎನ್ನುತ್ತಿದ್ದೆ. ಚೇಳಿಗೆ ಪಾರುಪತ್ಯ ಕೊಟ್ಟ ಹಾಗಾಯಿತು ನಿಮ್ಮ ಸಂಸಾರ ಎಂದು ನೀಲಾವತಿ ನಗುತ್ತಿದ್ದಳು. ಬೈಯುತ್ತಲೇ ಜಿರಳೆ ಹಿಡಿದು ಕೊಡುತ್ತಿದ್ದವಳೂ ಅವಳೇ.

ನಮ್ಮ ತುಳುವರ ಆಟಿ ತಿಂಗಳು ಹಿಡಿದರೆ ಹೆಣ್ಣು ನೋಡುವ ಕಾರ್ಯ ಆಗುವುದಿಲ್ಲವೆಂದು, ಬೆಳುವಾಯಿಯಿಂದ ಗಂಡಿನ ಕಡೆಯವರು 13ನೇ ತಾರೀಕು ಭಾನುವಾರ ಅಕ್ಷಿತಾಳನ್ನು ನೋಡಲು ಬರುವುದಾಗಿ ನಿಶ್ಚಯವಾಗಿತ್ತು. ಅದಕ್ಕಾಗಿ ನಿನ್ನೆ, ದಿನಾಂಕ 08-07-2025ರ ಮಂಗಳವಾರ, ನಾನು ಅಂಗಳದ ಮೆಟ್ಟಿಲಿನ ಪಾಚಿ ಉಜ್ಜುತ್ತಿದ್ದೆ. ಅಕ್ಷಿತಾ ಕೆಲಸಕ್ಕೆ ಹೋಗಿದ್ದಳು. ಲೈನ್ ದುರಸ್ತಿಗೆಂದು ಬೆಳಿಗ್ಗೆ 9ರಿಂದ ಕರೆಂಟು ಇರಲಿಲ್ಲ.

ಬೆಳಿಗ್ಗೆ 10.40ಕ್ಕೆ ನೀಲಾವತಿ ಕರೆದಳು. ಕೂಗಲಿಲ್ಲ, ಊಟಕ್ಕೆ ಕರೆಯುವ ಸ್ವರದಲ್ಲೇ ಕರೆದಳು. ಹೋಗಿ ನೋಡಿದಾಗ ಬಲಗೈಯ ಉಂಗುರದ ಬೆರಳನ್ನು ಎಡಗೈಯಲ್ಲಿ ಒತ್ತಿ ಹಿಡಿದು ನಿಂತಿದ್ದಳು. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಒಳಗೆ ಮರಳಿನ ಮೇಲೆ, ಅವಳು ಮಂಡಿನೋವಿಗೆ ಇಟ್ಟುಕೊಳ್ಳುವ ಬಿಸಿನೀರಿನ ಬ್ಯಾಗು ಟವೆಲಿನಲ್ಲಿ ಸುತ್ತಿ ಇತ್ತು. ಬಲ್ಬು ಇಲ್ಲದೆ ಅದಕ್ಕೆ ಚಳಿಯಾಗುತ್ತದೆಂದು ಇಟ್ಟೆ, ಅಡ್ಡ ಬಂತು, ಕೈಯಲ್ಲಿ ಸರಿಸಿದೆ ಎಂದು ಹೇಳಿದಳು. ನಿಮ್ಮ ಕೈಗೆ ಬರುತ್ತದೆ, ನನ್ನ ಗುರುತು ಮಾತ್ರ ಇಲ್ಲ ನೋಡಿ ಎಂದೂ ಹೇಳಿದಳು. ನಾನು ಮುಚ್ಚಳ ಹಾಕಿ, ಅವಳ ಬೆರಳನ್ನು ಸೋಪಿನಿಂದ ತೊಳೆದೆ. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುವುದನ್ನು ನೋಡಿ ಅವಳು, ಸಣ್ಣ ಚೇಳಲ್ವಾ, ಯಾಕೆ ಹೀಗೆ ಮಾಡ್ತೀರಿ ಎಂದಳು.

ನೆರೆಮನೆಯ ಬಾವಾ ಅವರಿಗೆ ಫೋನ್ ಮಾಡಿದೆ. 11.00ಕ್ಕೆ ಅವರು ತಮ್ಮ ರಿಕ್ಷಾ ತಂದರು. ರಿಕ್ಷಾದಲ್ಲಿ ನೀಲಾವತಿ ನನ್ನ ಕಿವಿಯ ಹತ್ತಿರ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಸುತ್ತಿದ್ದೇನೆ. ಸಾಕಿದ ಚೇಳು ಎಂದು ಡಾಕ್ಟರರ ಹತ್ತಿರ ಹೇಳುವುದು ಬೇಡ. ಪೊಲೀಸು, ಪೇಪರು ಎಂದಾದರೆ ಭಾನುವಾರ ಬೆಳುವಾಯಿಯವರು ಬರುವುದಿಲ್ಲ. ಅದನ್ನೂ ಕೊಂಡು ಹೋಗಿ ಕೊಲ್ಲುತ್ತಾರೆ, ಮತ್ತೆ ನಿಮಗೆ ಹೊತ್ತು ಹೋಗುವುದು ಹೇಗೆ? ನಾನು ಆಯಿತು ಎಂದು ತಲೆಯಾಡಿಸಿದೆ.

11.10ಕ್ಕೆ ಪೇಟೆಯ ಕ್ಲಿನಿಕ್ ತಲುಪಿದೆವು. ಮುಂದೆ ಇಬ್ಬರು ಇದ್ದರು. 11.25ಕ್ಕೆ ಒಳಗೆ ಕರೆದರು. ಯಾವ ಚೇಳು, ಬಣ್ಣ ಯಾವುದು ಎಂದು ವೈದ್ಯರು ಕೇಳಿದರು. ಕಟ್ಟಿಗೆ ರಾಶಿಯಲ್ಲಿ ಇತ್ತು, ದೊಡ್ಡದು, ಕಪ್ಪು ಎಂದು ನೀಲಾವತಿ ಹೇಳಿದಳು. ವೈದ್ಯರು ನನ್ನ ಮುಖ ನೋಡಿ, ನೀವು ನೋಡಿದ್ದೀರಾ, ಕಪ್ಪಾ ಎಂದು ಕೇಳಿದರು. ನಾನು ಹೌದು ಎಂದೆ.

ನೋವಿಗೆ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಕೂರಿಸಿ, ಏನಾದರೂ ಆದರೆ ಕೂಡಲೇ ಬನ್ನಿ ಎಂದು ಹೇಳಿ ಕಳುಹಿಸಿದರು. ಕರಿ ಚೇಳಿಗೆ ಮಾಡಬೇಕಾದದ್ದನ್ನು ಅವರು ಸರಿಯಾಗಿಯೇ ಮಾಡಿದ್ದಾರೆ. ಅವರ ಮೇಲೆ ನನ್ನ ದೂರು ಏನೂ ಇಲ್ಲ.

12.15ಕ್ಕೆ ಮನೆಗೆ ಬಂದೆವು. ಗಂಜಿ ಬೇಡವೆಂದಳು. 1.05ಕ್ಕೆ ಬೆವರತೊಡಗಿದಳು, ರವಿಕೆ ಹಿಂಡುವಷ್ಟು ಒದ್ದೆಯಾಯಿತು, ಕೈಕಾಲು ತಣ್ಣಗಾಯಿತು. ಬಾಯಿಯಲ್ಲಿ ನೊರೆ ಬಂತು. ಕ್ಯಾಂಪಿನ ಅಡುಗೆಯವನಿಗೆ ಆದದ್ದೂ ಹೀಗೆಯೇ. 1.20ಕ್ಕೆ ಬಾವಾ ಅವರ ರಿಕ್ಷಾದಲ್ಲಿ ಬಿ.ಸಿ.ರೋಡಿನ ಆಸ್ಪತ್ರೆಗೆ ಹೊರಟೆವು. ದಾರಿ ಸುಮಾರು 15 ಕಿ.ಮೀ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬಂಟ್ವಾಳ ಪೇಟೆಗೆ ಎರಡು ಕಿ.ಮೀ. ಇರುವಾಗ, 1.46ಕ್ಕೆ, ನನ್ನ ಅಂಗಿ ಹಿಡಿದಿದ್ದ ಅವಳ ಕೈ ಬಿಟ್ಟಿತು. ಇಪ್ಪತ್ತೆರಡು ವರ್ಷ ಪ್ರತಿ ಟ್ರಿಪ್ಪಿನ ಸಮಯ ಬರೆದಿಟ್ಟ ಅಭ್ಯಾಸ. ಆಗಲೂ ಗಡಿಯಾರ ನೋಡಿದೆ.

1.58ಕ್ಕೆ ಆಸ್ಪತ್ರೆ ತಲುಪಿದೆವು. ಅಲ್ಲಿ ಪರೀಕ್ಷಿಸಿ ಮೃತಪಟ್ಟಿದ್ದಾಳೆ ಎಂದು ತಿಳಿಸಿದರು. ಅಲ್ಲಿನ ವೈದ್ಯರಿಗೆ ನಾನು ಎಲ್ಲವನ್ನೂ ಹೇಳಿದೆ. ಮೊದಲೇ ತಿಳಿದಿದ್ದರೆ ಕ್ಲಿನಿಕ್ಕಿನವರು ನೇರ ಮಂಗಳೂರಿಗೆ ಕಳುಹಿಸುತ್ತಿದ್ದರು, ಹೃದಯಕ್ಕೆ ಬೇಕಾದ ಮದ್ದು ಇತ್ತು, ನಿಮ್ಮ ಹೆಂಡತಿ ಉಳಿಯುತ್ತಿದ್ದರು ಎಂದು ಖಂಡಿತ ಹೇಳಲಾಗದು, ಆದರೆ ಎರಡು ಗಂಟೆ ಸಿಗುತ್ತಿತ್ತು ಎಂದು ಅವರು ಹೇಳಿದರು.

3.40ಕ್ಕೆ ಅಕ್ಷಿತಾ ಮೂಡುಬಿದಿರೆಯಿಂದ ಬಂದಳು. ಅವಳಿಗೂ ಎಲ್ಲವನ್ನೂ ಹೇಳಿದೆ. ಕ್ಲಿನಿಕ್ಕಿನ ಡಾಕ್ಟರ್ ಬಣ್ಣ ಕೇಳಿದಾಗ ನೀವು ಅಲ್ಲೇ ಇದ್ರಾ ಅಪ್ಪ ಎಂದು ಒಮ್ಮೆ ಕೇಳಿದಳು. ಇದ್ದೆ ಎಂದೆ.

ಸಂಜೆ ನೆರೆಯವರು ದೊಣ್ಣೆ ತಂದಿದ್ದರು. ಚೇಳನ್ನು ಕೊಲ್ಲಲು ನಾನು ಬಿಡಲಿಲ್ಲ. ಅದರ ಮೇಲೆ ನನಗೆ ಸಿಟ್ಟಿಲ್ಲ. ಅದು ಚೇಳು, ಚೇಳು ಮಾಡುವುದನ್ನೇ ಮಾಡಿದೆ. ಗಂಡ ಮಾಡಬೇಕಾದ್ದನ್ನು ನಾನು ಮಾಡಲಿಲ್ಲ. ಇಂದು ಬೆಳಿಗ್ಗೆ 8.30ಕ್ಕೆ ಅರಣ್ಯ ಇಲಾಖೆಯವರು ಬಂದು ಅದನ್ನು ಪೆಟ್ಟಿಗೆ ಸಮೇತ ಕೊಂಡು ಹೋಗಿದ್ದಾರೆ.

ನನ್ನ ಜೊತೆ ಠಾಣೆಗೆ ಬಂದಿರುವ ಬಾವಾ ಅವರು ನಿಮ್ಮೆದುರೇ, ಲೋಕಣ್ಣ, ಆದದ್ದು ಆಯ್ತು ಮಾರಾಯ್ರೆ, ಅವರೇ ಕೈ ಹಾಕಿದ್ದು, ಅವರೇ ಕಪ್ಪು ಎಂದದ್ದು, ಅಷ್ಟೇ ಬರೆಸಿ, ಮಗಳ ಮುಖ ನೋಡಿ ಎಂದು ಹೇಳಿದ್ದನ್ನು ನೀವು ಕೇಳಿದ್ದೀರಿ. ನೀವೂ ಮೊದಲು ಆಕಸ್ಮಿಕ ಎಂದು ಬರೆದಿದ್ದೀರಿ. ಅದನ್ನು ಹೊಡೆದುಹಾಕಲು ನಾನೇ ಕೇಳಿಕೊಂಡಿದ್ದೇನೆ. ನೀಲಾವತಿ ವಿಷದ ವಿಷಯ ಗೊತ್ತಿಲ್ಲದೆ ಕಪ್ಪು ಎಂದಳು. ನಾನು ಗೊತ್ತಿದ್ದು ಹೌದು ಎಂದೆ. ಕಾನೂನಿನಲ್ಲಿ ಇದಕ್ಕೆ ಯಾವ ಹೆಸರಿದೆಯೋ ಅದನ್ನು ನನ್ನ ಮೇಲೆ ಹಾಕಬೇಕು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ, ಯಾರ ಒತ್ತಾಯವೂ ಇಲ್ಲ. ಇದೇ ಹೇಳಿಕೆಯನ್ನು ನಾನು ನಿನ್ನೆ 11.25ಕ್ಕೆ ಕ್ಲಿನಿಕ್ಕಿನಲ್ಲಿ ಕೊಡಬೇಕಿತ್ತು.

ಸ್ಥಳ: ಬಂಟ್ವಾಳ
ದಿನಾಂಕ: 09-07-2025, ಬೆಳಿಗ್ಗೆ 11.50
(ಸಹಿ) ಲೋಕನಾಥ ಶೆಟ್ಟಿ