ಪಂಪಿಗೆ ಮುಡಿಸಿದ ಹೂವು

ಮಲ್ಲೇಶ್ವರದ ಹೋಟೆಲೊಂದರಲ್ಲಿ ಕಾಫಿಗೆ ನಿಂತ ತನ್ಮಯಿಯ ಮುಂದೆ, ಕೆರೆಯ ದೋಣಿ ನಡೆಸುವ ಆಂಜಿನಯ್ಯ ಮೆಕ್ಯಾನಿಕ್ ಮೂರ್ತಿಗೆ ಗೋಳು ಹೇಳಿಕೊಳ್ಳುತ್ತಿದ್ದರು.

"ದೋಣಿ ತಳದಲ್ಲಿ ತೊಟ್ಟು ನೀರಿಲ್ಲ ಮೂರ್ತಿ. ಆದ್ರೂ ನೀರೆತ್ತೋ ಪಂಪು ನಿನ್ನೆಯಿಂದ ನಿಲ್ತಾನೇ ಇಲ್ಲ. ಬ್ಯಾಟರಿ ಮುಗಿದ್ರೆ ಸಂಜೆ ತೆಪ್ಪೋತ್ಸವಕ್ಕೆ ಇಂಜಿನ್ ಸ್ಟಾರ್ಟ್ ಆಗಲ್ಲ. ದೇವ್ರನ್ನ ಕೂರಿಸ್ಕೊಂಡು ಹುಟ್ಟು ಹಾಕ್ಲಾ?"

"ನೀರು ಇಳಿದ್ರೆ ಫ್ಲೋಟ್ ಸ್ವಿಚ್ಚೂ ಕೆಳಗೆ ಬಿದ್ದು ಪಂಪು ಆಫ್ ಆಗ್ಬೇಕಲ್ಲ ಅಣ್ಣ?"

"ಬೀಳಲ್ಲ. ಮೇಲೇ ನಿಂತಿದೆ, ಮೊಂಡ."

"ಕಸ ಸಿಕ್ಕಿರತ್ತೆ."

"ಕಸಾನಾ? ನಿನ್ನೆ ಆಯುಧಪೂಜೆಗೆ ನಾನೇ ತೊಳ್ದು, ಕುಂಕುಮ ಇಟ್ಟು, ಹೂವು ಮುಡಿಸಿದೀನಿ!"

"ಎಲ್ಲಿಗೆ ಮುಡಿಸಿದ್ರಿ?"

"ಅದೇ ಮೇಲೆ ಕೆಳಗೆ ಆಡತ್ತಲ್ಲ, ಅದಕ್ಕೇ. ಬಿದ್ದುಹೋಗಬಾರ್ದು ಅಂತ ಮೇಲಿನ ಕಂಬಿಗೆ ಸೇರಿಸಿ ಬಿಗಿಯಾಗಿ ಕಟ್ಟಿದೀನಿ."

ಮೂರ್ತಿ ಹಣೆ ಚಚ್ಚಿಕೊಂಡ. ತನ್ಮಯಿ ನಗು ತಡೆದುಕೊಂಡಳು.

"ಬಿಚ್ಚಿಬಿಡಿ ಅಣ್ಣ."

"ಹಬ್ಬದ ಹೂವು ಕಣೋ!"

"ಪಂಪಿನ ತಲೆಗೆ ಮುಡಿಸಿ, ಯಾರು ಬೇಡ ಅಂದ್ರು?"

ಕಾಫಿ ಬಂತು. ಮೂರ್ತಿ ಒಂದು ಗುಟುಕು ಹೀರಿ, ಏನೋ ನೆನಪಾದವನಂತೆ ಕೇಳಿದ.

"ನಿಂಬೆಹಣ್ಣು ಎಲ್ಲಿಟ್ಟಿದೀರಿ?"

"ನೀರು ಹೊರಗೆ ಹೋಗೋ ಪೈಪಿನ ಬಾಯಿಗೆ," ಎಂದರು ಆಂಜಿನಯ್ಯ ಹೆಮ್ಮೆಯಿಂದ. "ಅಳತೆ ಕೊಟ್ಟು ಮಾಡಿಸ್ದಂಗೆ ಕೂತಿದೆ."

ಮೂರ್ತಿ ಲೋಟ ಕೆಳಗಿಟ್ಟು, ಅವರ ಕೈ ಹಿಡಿದು ಕೆರೆಯ ಕಡೆಗೆ ಎಳೆದುಕೊಂಡೇ ಓಡಿದ.