ಹೊತ್ತು ಮುಳುಗುವ ಮುಂಚೆ

ಕಣ್ಣಾಸ್ಪತ್ರೆಯ ಬೆಂಚಿನ ಮೇಲಿದ್ದ ದರ್ಜಿಯ ಕಿವಿ ನಿಮಿರಿತು. ಪಕ್ಕದ ತಾತ ಒಂದು ಕಾಲಕ್ಕೆ ಊರಿನ ಹಳೆಯ ಎಎಂ ರೇಡಿಯೋ ಸ್ಟೇಷನ್ನಿನಲ್ಲಿ ಪ್ರಸಾರದ ಸ್ವಿಚ್ಚು ನೋಡಿಕೊಳ್ಳುತ್ತಿದ್ದನಂತೆ. ಆಚೆಗೆ ಕೂತಿದ್ದ ಅಜ್ಜಿ ಬಿಡದೆ ಕೇಳುತ್ತಿದ್ದಳು.

"ಜನ ರೇಡಿಯೋಗೆ ಫೋನ್ ಮಾಡಿ ಮಾತಾಡ್ತಿದ್ದಾಗ್ಲೇ, ಹೊತ್ತು ಮುಳುಗ್ತು ಅಂತ ಪ್ರಸಾರ ಯಾಕ್ರೀ ನಿಲ್ಲಿಸ್ತಿದ್ರಿ?"

"ನಮಗೆ ಪರವಾನಗಿ ಇದ್ದಿದ್ದೇ ಹಗಲಿಗಮ್ಮಾ. ಕತ್ತಲಾದ್ರೆ ನಮ್ಮ ದನಿ ದೂರದೂರ ಹರಡಿ ಬೇರೆಯವರ ಸ್ಟೇಷನ್ ಮೇಲೆ ಬೀಳೋದು."

"ಒಬ್ಬ 'ಅಕ್ಕಾ, ತಪ್ಪು ನಂದೇ, ಯಾಕಂದ್ರೆ' ಅಂದ. ಅಷ್ಟಕ್ಕೇ ನಿಂತ್ಹೋಯ್ತು."

"ಅಯ್ಯೋ, ನೆನಪಿದೆ! ಪ್ರಸಾರ ನಿಂತಿದ್ದು ಅವನಿಗೆ ಗೊತ್ತಾಗ್ಲಿಲ್ಲ, ಫೋನಲ್ಲಿ ಹೇಳ್ತಾನೇ ಹೋದ. ಕೊನೇಲಿ 'ನಮ್ಮಕ್ಕ ಕೇಳಿರ್ತಾಳಾ?' ಅಂದ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಕೇಳಿರ್ತಾರೆ ಅಂದ್ಬಿಟ್ಟೆ."

ಅಜ್ಜಿ ಕನ್ನಡಕ ತೆಗೆದು ತಾತನ ಕಡೆ ತಿರುಗಿದಳು.

"ಆ ಅಕ್ಕ ನಾನೇ ಕಣ್ರೀ. ಎಲ್ಲಾ ಕೇಳಿಯೂ ಸುಮ್ಮನಿದ್ದೆ ಅಂತ ಅವನಿವತ್ತಿಗೂ ನನ್ನ ಮೇಲೆ ಮುನಿಸ್ಕೊಂಡಿದಾನೆ."

ಅಷ್ಟರಲ್ಲಿ ನರ್ಸ್ ಅವಳನ್ನು ಒಳಗೆ ಕರೆದಳು. ಅಜ್ಜಿ ಎದ್ದು ತಾತನ ಮಣಿಕಟ್ಟು ಹಿಡಿದಳು.

"ನೀವೂ ಬನ್ನಿ. ಆಮೇಲೆ ಏನಂದ, ಒಂದೂ ಬಿಡದೆ ಹೇಳಿ. ಹೊತ್ತು ಮುಳುಗೋಕೆ ಇನ್ನೂ ಬೇಕಾದಷ್ಟು ಸಮಯ ಇದೆ."

ತಾತ ನಡೆಯುತ್ತಲೇ ಶುರು ಮಾಡಿದ. "ಯಾಕಂದ್ರೆ" ಎಂಬಲ್ಲಿಗೆ ಬಾಗಿಲು ಮುಚ್ಚಿಕೊಂಡಿತು. ದರ್ಜಿಗೆ ಕೇಳಿಸಿದ್ದು ಅಷ್ಟೇ.